ಉಚ್ಚೆಬುರುಕಿ ಜೋಫ್ಕಾ ಬರುವ ಮುನ್ನ

ಪೊಡ್ಲಿಪ್ನಿಕ್ ಊರಿನಲ್ಲಿ ಕ್ಯಾಲೆಂಡರ್ ಇಲ್ಲದ ಮನೆಯಿರಲಿಲ್ಲ. ಆದರೂ ಹೂವಿನ ಕುಂಡಗಳನ್ನು ಯಾವತ್ತು ಹೊರಗಿಡಬೇಕು ಎನ್ನುವ ಪ್ರಶ್ನೆ ಬಂದಾಗ ಯಾರೂ ಕ್ಯಾಲೆಂಡರ್ ಕಡೆ ತಿರುಗುತ್ತಿರಲಿಲ್ಲ. ಬೀದಿಗೆ ಬಂದು, ಕತ್ತೆತ್ತಿ, ದಿಬ್ಬದ ಮೇಲಿನ ಗ್ರಿಚಾರ್ ಮನೆಯ ಬಾಲ್ಕನಿ ನೋಡುತ್ತಿದ್ದರು. ಅಲ್ಲಿ ಕೆಂಪು ಕಂಡರೆ ಅವತ್ತೇ ಊರಿನ ಎಲ್ಲ ಬಾಲ್ಕನಿಗಳಲ್ಲೂ ಕೆಂಪು. ಕಾಣದಿದ್ದರೆ, ಎಷ್ಟೇ ಬಿಸಿಲಿರಲಿ, ಜೆರೇನಿಯಂ ಗಿಡಗಳು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಒಳಗೇ ಕೂತಿರಬೇಕು.

ಬೆಟ್ಟದ ಬುಡದ ಊರು ಅದು. ಸೇಬಿನ ಹೂವೆಲ್ಲ ಉದುರಿ, ಇನ್ನೇನು ಬೇಸಿಗೆ ಬಂತು ಎನ್ನುವಾಗ, ಮೇ ತಿಂಗಳ ನಡುವೆ ಒಂದು ರಾತ್ರಿ ಮಂಜು ಬಂದು ಕಚ್ಚಿಬಿಡುತ್ತದೆ. ಆ ಕೆಟ್ಟ ಹೆಸರನ್ನು ಹೊತ್ತ ಮೂವರು ಸಂತರಿದ್ದಾರೆ: ಪಂಕ್ರಾತ್ಸಿ, ಸೆರ್ವಾತ್ಸಿ, ಬೊನಿಫಾತ್ಸಿ. ಮೂವರ ದಿನಗಳೂ ಬೆನ್ನು ಬೆನ್ನಿಗೆ. ಅವರ ಹಿಂದೆಯೇ ಸಂತ ಜೋಫ್ಕಾ. ಅವಳ ದಿನ ಮಳೆ ತಪ್ಪುವುದಿಲ್ಲವಾದ್ದರಿಂದ ಊರವರು ಅವಳನ್ನು ಉಚ್ಚೆಬುರುಕಿ ಜೋಫ್ಕಾ ಎಂದೇ ಕರೆಯುವುದು, ಪಾದ್ರಿಯ ಎದುರಿಗೂ. ಈ ನಾಲ್ವರು ಊರು ದಾಟುವ ತನಕ ಹೂವು ಹೊರಗಿಡಬೇಡಿ ಎಂದು ಹಿರಿಯರು ಹೇಳಿದ್ದರು.

ಹಿರಿಯರ ಮಾತನ್ನು ಮುರಿದವಳು ಗ್ರಿಚಾರ್ ಮನೆಯ ನೇಜಾ. ಒಂದು ವರ್ಷ ಸಂತರಿಗೆ ಇನ್ನೂ ವಾರವಿರುವಾಗಲೇ ಕುಂಡಗಳನ್ನು ಹೊರಗೆ ತೂಗುಹಾಕಿದಳು. ಊರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು. ಆ ವರ್ಷ ಮಂಜೇ ಬೀಳಲಿಲ್ಲ. ಇನ್ನೊಂದು ವರ್ಷ ಜೋಫ್ಕಾ ದಾಟಿ ಹೋದರೂ ಅವಳು ಇಡಲಿಲ್ಲ. ಇಟ್ಟವರ ಗಿಡಗಳೆಲ್ಲ ಬೇಯಿಸಿದ ಸೊಪ್ಪಾದವು. ಅಲ್ಲಿಂದ ಮುಂದೆ ಸಂತರು ತಪ್ಪಬಹುದು, ಗ್ರಿಚಾರ್ ಬಾಲ್ಕನಿ ತಪ್ಪದು ಎಂದಾಯಿತು. ನೇಜಾಳ ವಿದ್ಯೆ ದೊಡ್ಡದೇನಲ್ಲ. ಸಂಜೆ ಅಂಗಳದ ಕಲ್ಲಿನ ನೀರುತೊಟ್ಟಿಯ ಅಂಚಿಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಲ್ಲುವಳು. ಬಿಸಿಲು ಹೋದಮೇಲೂ ಕಲ್ಲು ಬೆಚ್ಚಗಿದ್ದರೆ ಭಯವಿಲ್ಲ. ಕಲ್ಲೇ ಕೈಯ ಶಾಖ ಹೀರತೊಡಗಿದರೆ ಕುಂಡ ಒಳಗೆ.

ನೇಜಾ ಸತ್ತು ಕೆಲವು ಚಳಿಗಾಲಗಳು ಕಳೆದಿದ್ದವು. ಈಗ ಆ ಕಲ್ಲಿಗೆ ಕೈ ಒತ್ತುವವನು ಅವಳ ಮಗ ಲೋವ್ರೆನ್ಸ್. ವಯಸ್ಸು ಐವತ್ತರ ಹತ್ತಿರ, ಮದುವೆಯಿಲ್ಲ, ಕಣಿವೆಯ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ. ಎತ್ತರದ ಆಳು, ಎತ್ತರಕ್ಕೆ ಕ್ಷಮೆ ಕೇಳುವವನ ಹಾಗೆ ಬೆನ್ನು ಬಗ್ಗಿಸಿಯೇ ನಡೆಯುತ್ತಿದ್ದ. ಹೂವು ನೋಡಿಕೊಳ್ಳುವುದು ಆ ಊರಿನಲ್ಲಿ ಹೆಂಗಸರ ಕೆಲಸ. ಆದ್ದರಿಂದ ಅವನು ನೀರು ಹಾಕುತ್ತಿದ್ದದ್ದು ಬೆಳಕು ಹರಿಯುವ ಮೊದಲು, ಒಣಗಿದ ಎಲೆ ಕೀಳುತ್ತಿದ್ದದ್ದು ಊರು ಪೂಜೆಗೆಂದು ಚರ್ಚಿನಲ್ಲಿರುವಾಗ. ಊರವರೂ ಲೋವ್ರೆನ್ಸ್ ಹೂವಿಟ್ಟ ಎಂದು ಎಂದೂ ಹೇಳಲಿಲ್ಲ. ಕುಂಡಗಳೇ ಮೇಲಿನ ಕೋಣೆಯಿಂದ ನಡೆದು ಬಂದು ಕೂರುತ್ತವೇನೋ ಎಂಬಂತೆ, "ಗ್ರಿಚಾರ್ ಮನೇಲಿ ಹೂವು ಬಂತು" ಎನ್ನುತ್ತಿದ್ದರು.

ಆದರೂ ಅದು ಅವನಿಗೆ ವರ್ಷದ ಹಬ್ಬ. ಕುಂಡಗಳನ್ನು ಇಟ್ಟು, ಪರದೆಯ ಹಿಂದೆ ನಿಂತು, ಕೆಳಗಿನ ಬೀದಿಯಲ್ಲಿ ಮೊದಲು ಮುದುಕಿ ಪೊಲೊನಾಳ ಮನೆ, ಆಮೇಲೆ ಅದರ ಪಕ್ಕದ್ದು, ಆಮೇಲೆ ಚರ್ಚಿನ ತಿರುವಿನದು, ಹೀಗೆ ಒಂದೊಂದೇ ಕೆಂಪಾಗುವುದನ್ನು ನೋಡುತ್ತಿದ್ದ. ತಾನು ಏನೋ ಹೇಳಿದೆ, ಊರು ಹೂಂ ಅಂದಿತು. ಊರಿನ ಜೊತೆ ಅವನು ವರ್ಷಕ್ಕೆ ಆಡುತ್ತಿದ್ದ ಮಾತು ಅದೊಂದೇ. ಅಮ್ಮನ ಹೆಣ ಎತ್ತಿದ ದಿನದಿಂದ ಈಚೆಗೆ ಆ ದಿಬ್ಬ ಹತ್ತಿ ಅವನ ಮನೆಯ ಬೆಂಚಿನ ಮೇಲೆ ಒಬ್ಬರೂ ಕೂತಿರಲಿಲ್ಲ. ಅವನಿಗೆ ಅದು ನೋಯುತ್ತಿತ್ತು. ನೋಯುತ್ತದೆಂದು ಹೇಳುವುದು ಹೇಗೆಂದು ಗೊತ್ತಿರಲಿಲ್ಲ.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಅಂಚೆಯ ತ್ಸಿರಿಲ್ ಸೈಕಲ್ಲನ್ನು ಬೇಲಿಗೆ ಒರಗಿಸಿ ಕೂಗಿದ.

"ಲೋವ್ರೆನ್ಸ್, ಇಲ್ಲಿ ಬಾ. ಕ್ರಾನ್ ಪೇಟೇಲಿ ನಮ್ಮತ್ತಿಗೆ ಮನೆ ಪಕ್ಕ ಒಬ್ಬಳು ಬಟ್ಟೆ ಹೊಲಿಯೋಳಿದಾಳೆ, ಯೆರಿತ್ಸಾ ಅಂತ. ಅಪ್ಪನ್ನ ನೋಡ್ಕೊಳ್ತಾ ನೋಡ್ಕೊಳ್ತಾ ಮದ್ವೆ ವಯಸ್ಸು ದಾಟೋಯ್ತು. ಈಗ ಅಪ್ಪನೂ ಹೋದ. ಮನೆ ನೋಡೋಕೆ ಬರ್ತಾಳಂತೆ."

"ಯಾರ ಮನೆ?"

"ಪೋಪನ ಮನೆ! ನಿಂದು ಕಣೋ, ಮಂಕೇ."

ಲೋವ್ರೆನ್ಸನ ಕಿವಿ ಕೆಂಪಾಯಿತು. "ಯಾರಿಗೂ ಹೇಳ್ಬೇಡ, ತ್ಸಿರಿಲ್."

"ನಾನಾ? ನನ್ನ ಹೊಟ್ಟೇಲಿ ಹಾಕಿದ್ದು ಬಾವೀಲಿ ಹಾಕಿದ ಹಾಗೆ."

ಅಂಚೆಯವನಿಗೆ ಗುಟ್ಟು ಕೊಟ್ಟು ಯಾರಿಗೂ ಹಂಚಬೇಡ ಎಂದದ್ದು ಲೋವ್ರೆನ್ಸನ ಮೊದಲ ಪೆದ್ದುತನ. ಎರಡನೆಯದು ಇನ್ನೂ ದೊಡ್ಡದು.

ಆ ಸೀಮೆಯಲ್ಲಿ ಹೆಣ್ಣಿನ ಕಡೆಯವರು ಗಂಡಿಗಿಂತ ಹೆಚ್ಚಾಗಿ ಮನೆಯನ್ನು ನೋಡುತ್ತಾರೆ. ಒಲೆ, ಕೊಟ್ಟಿಗೆ, ಎಲ್ಲಕ್ಕಿಂತ ಮೊದಲು ಬಾಲ್ಕನಿ. ಬೋಳು ಬಾಲ್ಕನಿಯ ಮನೆ ಎಂದರೆ ಹೇಳಕೇಳುವವರಿಲ್ಲದ ಮನೆ. ಯೆರಿತ್ಸಾ ಬರುವುದಾಗಿ ಹೇಳಿದ್ದು ಪಂಕ್ರಾತ್ಸಿಯ ಹಿಂದಿನ ದಿನ, ಭಾನುವಾರ. ಮಂಜಿನ ಸಂತರು ಹೊಸ್ತಿಲಲ್ಲಿರುವಾಗ ಹೂವು ಹೊರಗಿಡುವುದುಂಟೇ? ಆದರೆ ಮೇಲಿನ ಕೋಣೆಯ ಕಿಟಕಿಯಲ್ಲಿ ಅಮ್ಮನ ಜೆರೇನಿಯಂಗಳು ಆಗಲೇ ಮೊಗ್ಗೊಡೆದು ಉರಿಯುತ್ತಿದ್ದವು. ಒಂದೇ ಒಂದು ದಿನ ಇಟ್ಟು, ಅವಳು ಹೋದಮೇಲೆ ಒಳಗೆ ತಂದರಾಯಿತು ಎಂದು ಲೋವ್ರೆನ್ಸ್ ಲೆಕ್ಕ ಹಾಕಿದ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವ ಜನರೆದುರು ಗಂಡಸು ಹೂವು ತೂಗುಹಾಕುವುದು ಹೇಗೆ? ಶನಿವಾರ ನಸುಕಿನಲ್ಲೇ ಇಟ್ಟ.

ಊರು ನೋಡುತ್ತದೆ ಎನ್ನುವುದು ಮರೆತೇಹೋಗಿತ್ತು ಎಂದರೆ ನಂಬುವುದು ಕಷ್ಟ. ಮರೆತಿರಲಿಲ್ಲ, ನೆನೆಸಿಕೊಳ್ಳಲಿಲ್ಲ, ಅಷ್ಟೇ. ಮಧ್ಯಾಹ್ನ ಮಿಲ್ಲಿನಿಂದ ವಾಪಸು ಬರುವಾಗ ಪೊಲೊನಾಳ ಬಾಲ್ಕನಿ ಕೆಂಪಾಗಿತ್ತು. ಅವಳ ಸೊಸೆ ಬೇಲಿಯುದ್ದಕ್ಕೂ ಗುಂಡಿ ತೋಡಿ ಬೆಗೋನಿಯಾ ಸಸಿ ನೆಡುತ್ತಿದ್ದಳು. ಅದರಾಚೆಯ ಮನೆಯಲ್ಲೂ ಅದೇ. ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವ ಜನ. ಲೋವ್ರೆನ್ಸನ ಕಾಲು ನಿಂತಿತು. ನಿಲ್ಲಿ, ಇದು ಒಂದು ದಿನದ ಮಟ್ಟಿಗೆ ಇಟ್ಟಿದ್ದು ಎನ್ನಬೇಕು. ಒಂದು ದಿನದ ಮಟ್ಟಿಗೆ ಯಾಕೆ ಎಂದು ಕೇಳುತ್ತಾರೆ. ಹೆಣ್ಣೊಬ್ಬಳು ಮನೆ ನೋಡಲು ಬರುತ್ತಾಳೆ, ನನ್ನ ವಯಸ್ಸಿನಲ್ಲಿ, ಎನ್ನಬೇಕು. ಬಾಯಿ ಬಿಟ್ಟರೆ ಬಣ್ಣಗೇಡು. ಅವನು ಟೋಪಿ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋದ. ಸಂಜೆ ತೊಟ್ಟಿಯ ಕಲ್ಲು ಬೆಚ್ಚಗಿತ್ತು. ಈ ವರ್ಷವೂ ಮಂಜು ಬೀಳುವುದಿಲ್ಲವೇನೋ ಎಂದು ತನಗೆ ತಾನೇ ಹೇಳಿಕೊಂಡ.

ಯೆರಿತ್ಸಾ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬಂದಳು. ನೀಲಿ ಕೋಟು, ಗಟ್ಟಿ ಬೂಟು, ನೇರ ನೋಟ. ಬಂದವಳು ಮೊದಲು ಮನೆ ನೋಡಲಿಲ್ಲ, ಅವನ ಎದೆ ನೋಡಿದಳು.

"ಆ ಗುಂಡಿ ಯಾರು ಹೊಲಿದಿದ್ದು?"

"ನಾನೇ."

"ಕಪ್ಪು ಕೋಟಿಗೆ ಕಂದು ದಾರ. ಪರ್ವಾಗಿಲ್ಲ, ಬಿಗಿಯಾಗಿದೆ."

ಅವನು ಕಾಫಿ ಕಾಯಿಸಿದ. ಅಕ್ರೋಟು ಸುತ್ತಿದ ಸಿಹಿ ರೊಟ್ಟಿಯನ್ನು ಬೇಕರಿಯಿಂದ ತಂದು, ಮನೆಯದ್ದೆಂದು ಕಾಣಲೆಂದು ಅಮ್ಮನ ತಟ್ಟೆಯಲ್ಲಿಟ್ಟಿದ್ದ. ಅವಳು ಒಂದು ತುಂಡು ತಿಂದು, "ಬೇಕರಿ ರೊಟ್ಟಿ, ಆದ್ರೆ ತಟ್ಟೆ ಚೆನ್ನಾಗಿದೆ" ಎಂದು ನಕ್ಕಳು. ಅವನೂ ನಕ್ಕ. ಆ ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ. ಇಬ್ಬರೂ ಬಾಲ್ಕನಿಗೆ ಬಂದು ಬೆಂಚಿನ ಮೇಲೆ ಕೂತರು. ಅವಳು ಹೂವುಗಳನ್ನು ಒಂದೊಂದಾಗಿ ಮುಟ್ಟಿದಳು.

"ಇಷ್ಟು ಚೆನ್ನಾಗಿ ಯಾರು ನೋಡ್ಕೊಳ್ತಾರೆ?"

"ಅಮ್ಮಂದು" ಎಂದ ಲೋವ್ರೆನ್ಸ್. ಆಮೇಲೆ, "ಈಗ ನಾನೇ" ಎಂದ. ಇನ್ನೊಬ್ಬರ ಮುಂದೆ ಆ ಮಾತನ್ನು ಅವನು ಹೇಳಿದ್ದು ಅದೇ ಮೊದಲು. ಅವಳು ನಗಲಿಲ್ಲ. ಅವನಿಗೆ ಎದೆ ತುಂಬಿಬಂತು.

ಅವಳು ಕೆಳಗೆ ನೋಡಿದಳು. "ನಿಮ್ಮೂರಲ್ಲಿ ಪಂಕ್ರಾತ್ಸಿಗೆ ಮೊದಲೇ ನೆಟ್ಬಿಡ್ತಾರಾ? ನಮ್ಮ ಕಡೆ ಉಚ್ಚೆಬುರುಕಿ ಬಂದು ಹೋಗೋ ತನಕ ಯಾರೂ ಮುಟ್ಟಲ್ಲಪ್ಪ."

"ಈ ವರ್ಷ ಬಿಸಿಲಿದೆ" ಎಂದ, ಅವಳ ಕಡೆ ನೋಡದೆ.

ಹೊರಡುವಾಗ ಒಂದು ಕಡ್ಡಿ ಮುರಿದುಕೊಳ್ಳಲೇ ಎಂದು ಕೇಳಿದಳು. ಅವನು ಎಲ್ಲಕ್ಕಿಂತ ಗಟ್ಟಿ ಕೊಂಬೆಯನ್ನು ಆರಿಸಿ ಮುರಿದುಕೊಟ್ಟ. ಅವಳು ಅದನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ, "ಧನ್ಯವಾದ ಹೇಳಲ್ಲ. ಹೇಳಿದ್ರೆ ಬೇರು ಬಿಡಲ್ಲ" ಎಂದಳು. ಅದು ಅವನಿಗೂ ಗೊತ್ತಿತ್ತು. ಹೇಳದೆ ಬಿಟ್ಟ ಆ ಧನ್ಯವಾದದಷ್ಟು ಒಳ್ಳೆಯ ಮಾತು ಅವನಿಗೆ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ.

ಬಸ್ಸು ನಿಲ್ಲುವಲ್ಲಿ ಪೊಲೊನಾ ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಊರಿಗೆಲ್ಲ ತೇತ, ಎಂದರೆ ಅತ್ತೆ. ಬಸ್ಸಿಗೆ ಹೋಗಬೇಕಾಗಿರಲಿಲ್ಲ ಅವಳು; ನೋಡುವುದಕ್ಕೇ ಬಂದಿದ್ದಳು.

"ಯಾರೋ ಇವರು, ಲೋವ್ರೆನ್ಸ್?"

"ಕೋಟು... ಕೋಟು ಹೊಲಿಸ್ತಿದೀನಿ ತೇತ. ಅಳತೆ ತಗೊಳ್ಳೋಕೆ ಬಂದಿದ್ರು."

ಯೆರಿತ್ಸಾ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಪೊಲೊನಾಳ ಕಡೆ ತಿರುಗಿ, "ಹೌದು, ಇವರ ತೋಳು ಬಹಳ ಉದ್ದ" ಎಂದಳು.

"ಅಳತೆಗೆ ಭಾನುವಾರ, ಅದೂ ಕ್ರಾನ್‌ನಿಂದ!" ಎಂದು ಪೊಲೊನಾ ಹುಬ್ಬೇರಿಸಿದಳು. "ಇರ್ಲಿ ಬಿಡು. ನಿಮ್ಮನೆ ಹೂವು ನೋಡಿ ನಾನೂ ಎಲ್ಲ ಹೊರಗಿಟ್ಬಿಟ್ಟೆ ಕಣೋ. ನಾಳೆ ಪಂಕ್ರಾತ್ಸಿ. ಏನೂ ಆಗಲ್ಲ ತಾನೆ?"

ಇದಕ್ಕಿಂತ ನೇರವಾಗಿ ಯಾರೂ ಕೇಳಲಾರರು. ಇಷ್ಟು ವರ್ಷ ಯಾರಾದರೂ ಬಂದು ಕೇಳಲಿ ಎಂದು ಕಾದವನನ್ನು ಕೊನೆಗೂ ಕೇಳಿದ್ದರು.

"ಏನೂ ಆಗಲ್ಲ" ಎಂದ ಲೋವ್ರೆನ್ಸ್.

ಬಸ್ಸು ಹೋಯಿತು. ಅವನು ದಿಬ್ಬ ಹತ್ತುವಷ್ಟರಲ್ಲಿ ಮೋಡ ಹರಿದು ಆಕಾಶ ತೊಳೆದ ಹಾಗಾಯಿತು. ಗಾಳಿ ಬಿದ್ದುಹೋಯಿತು. ಬೆಟ್ಟದ ಸಾಲು ಹತ್ತಿರಕ್ಕೆ ಬಂದು ನಿಂತಂತೆ ಕಂಡಿತು. ತೊಟ್ಟಿಯ ಅಂಚಿಗೆ ಕೈ ಒತ್ತಿದ. ಕಲ್ಲು ಕೈಯನ್ನು ಎಳೆದುಕೊಂಡಿತು, ಮಣಿಕಟ್ಟಿನ ತನಕ ಚಳಿ ಏರಿತು. ಅಮ್ಮ ಇದ್ದಿದ್ದರೆ ನಿಂತಲ್ಲಿಂದಲೇ ಕೂಗುತ್ತಿದ್ದಳು: ಲೋವ್ರೆನ್ಸ್, ಕುಂಡ!

ಅವನು ಕುಂಡ ಎತ್ತಲಿಲ್ಲ. ಬೀದಿಗೆ ಇಳಿದ, ಇನ್ನೂ ಬೆಳಕಿತ್ತು. ಪೊಲೊನಾಳಿಗೆ ಹೇಳಿದರೆ ಸಾಕು. ಅವಳ ಬಾಯಿಗೆ ಬಿದ್ದದ್ದು ಕತ್ತಲಾಗುವಷ್ಟರಲ್ಲಿ ಊರೆಲ್ಲ ಮುಟ್ಟುತ್ತದೆ. ಎಲ್ಲರೂ ಹಳೆಯ ಚಾದರ, ಗೋಣಿ, ಪೇಪರು ಹೊದಿಸಿಕೊಂಡಾರು. ಅವಳ ಬಾಗಿಲ ಮುಂದೆ ನಿಂತು ಕೈ ಎತ್ತಿದ. ಒಳಗಿಂದ ತ್ಸಿರಿಲ್‌ನ ದನಿ ಕೇಳಿಸಿತು.

"ನಾನೇ ಕಣ್ರೀ ಗೊತ್ತು ಮಾಡಿದ್ದು. ಒಂದು ತಿಂಗಳಿಂದ!"

"ಅಳತೆ ತಗೊಳ್ಳೋಕೆ ಬಂದಿದ್ರಂತೆ!" ಪೊಲೊನಾ ಹೇಳಿದಳು. "ನನ್ನ ಮುಂದೇನೇ ಅಂತಾನೆ, ಪಾಪ, ಕಿವಿ ನೋಡ್ಬೇಕಿತ್ತು ನೀವು, ಟೊಮೇಟೊ ಹಣ್ಣು!"

ಒಳಗೆ ಮನೆ ತುಂಬ ನಗು. ಕೆಟ್ಟ ನಗುವಲ್ಲ ಅದು. ತಮ್ಮ ಮನೆಯವನೊಬ್ಬನ ಬಗ್ಗೆ ನಕ್ಕ ಹಾಗಿನ ನಗು. ಬಾಗಿಲು ತಟ್ಟಿದ್ದರೆ ಕೈಹಿಡಿದು ಒಳಗೆಳೆದು, ಒಂದು ಲೋಟ ಪ್ಲಮ್ ಸಾರಾಯಿ ಕೊಟ್ಟು, ಬೆನ್ನಿಗೆ ಗುದ್ದುತ್ತಿದ್ದರು. ಲೋವ್ರೆನ್ಸ್‌ಗೆ ಅದು ತಿಳಿಯಲಿಲ್ಲ. ಇಡೀ ಊರಿಗೆ ಎಲ್ಲ ಗೊತ್ತು, ತಾನೊಬ್ಬನೇ ಸುಳ್ಳು ಹೊತ್ತುಕೊಂಡು ತಿರುಗುತ್ತಿದ್ದೇನೆ ಎನ್ನುವುದೊಂದೇ ತಿಳಿಯಿತು. ಎತ್ತಿದ ಕೈಯನ್ನು ಜೇಬಿಗೆ ಹಾಕಿಕೊಂಡು ಹಿಂದಿರುಗಿದ. ಸಂಕೋಚ ಒಳ್ಳೆಯ ಗುಣ ಎಂದು ಯಾರು ಹೇಳಿದರೋ, ಅವರನ್ನು ಆ ಸಂಜೆ ಆ ಬಾಗಿಲಲ್ಲಿ ತಂದು ನಿಲ್ಲಿಸಬೇಕಿತ್ತು.

ಮನೆಗೆ ಬಂದು ಮೊದಲ ಕುಂಡವನ್ನು ಕೊಕ್ಕೆಯಿಂದ ಬಿಡಿಸಿದ. ಆಗ ಇನ್ನೊಂದು ಯೋಚನೆ ಬಂತು. ಬೆಳಿಗ್ಗೆ ಊರೆಲ್ಲ ಕಪ್ಪಾಗಿ ತನ್ನ ಮನೆಯದ್ದಷ್ಟೇ ಕೆಂಪಾಗಿದ್ದರೆ? ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ ಎನ್ನುತ್ತಾರೆ. ಕುಂಡವನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದ. ಅಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಂದ ಒಂದು ಕಡ್ಡಿ, ವರ್ಷವರ್ಷವೂ ಕಡ್ಡಿಯಿಂದ ಕಡ್ಡಿಯಾಗಿ ಬೆಳೆದ ಸಂತಾನ. ಅದರ ಕಡೆ ಬೆನ್ನು ಮಾಡಿ, ಒಳಗೆ ಹೋಗಿ, ಬೂಟು ಬಿಚ್ಚದೆ ಮಲಗಿದ.

ಪಂಕ್ರಾತ್ಸಿ ತಪ್ಪದೆ ಬಂದ. ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ, ಬಿಸಿಲು ಬಿದ್ದಮೇಲೆ ಹೂವೆಲ್ಲ ಕಪ್ಪಗೆ. ಪೊಲೊನಾಳ ಸೊಸೆ ಬೇಲಿಯ ಪಕ್ಕ ಕೂತು ಜೋಲುಬಿದ್ದ ಬೆಗೋನಿಯಾಗಳನ್ನು ಎತ್ತಿ ಎತ್ತಿ ನೋಡುತ್ತಿದ್ದಳು, ಎತ್ತಿದರೆ ಬದುಕುತ್ತವೇನೋ ಎಂಬಂತೆ. ಆಮೇಲೆ ನಡೆದದ್ದನ್ನು ಲೋವ್ರೆನ್ಸ್ ಕನಸಿನಲ್ಲೂ ನೆನೆಸಿರಲಿಲ್ಲ. ಜನ ದಿಬ್ಬ ಹತ್ತಿ ಬಂದರು. ಪೊಲೊನಾ ಬಿಸಿ ಸೂಪಿನ ಪಾತ್ರೆ ಹಿಡಿದು ಬಂದಳು. ಬಾಲ್ಕನಿಯ ಬೆಂಚಿನಲ್ಲಿ ಕೂರಲು ಜಾಗ ಸಾಲಲಿಲ್ಲ.

"ನೇಜಾ ಗಿಡಗಳೂ ಹೋದ್ವಲ್ಲೋ" ಎಂದು ಅವನ ಭುಜ ತಟ್ಟಿದಳು ಪೊಲೊನಾ. "ಗ್ರಿಚಾರೇ ಮೋಸ ಹೋದ ಅಂದ್ಮೇಲೆ ನಮ್ಮ ಪಾಡೇನು? ಅಳ್ಬೇಡ, ಗಂಡಸಾಗಿ. ತಿನ್ನು, ಬಿಸಿಯಿದೆ."

ವರ್ಷಗಟ್ಟಲೆ ಅವನು ಬಯಸಿದ್ದು ಇದನ್ನೇ: ಜನ ಬಂದು ಕೂರಲಿ ಎಂದು. ಬಂದು ಕೂತರು. ಅವನು ಸೂಪಿನ ಪಾತ್ರೆಯನ್ನು ಪಕ್ಕದವರ ಕೈಗೆ ದಾಟಿಸಿದ.

ಬದುಕಿ ಉಳಿದದ್ದು ಒಂದೇ ಕಡ್ಡಿ, ಅದು ಕ್ರಾನ್‌ನಲ್ಲಿತ್ತು. ಜೋಫ್ಕಾ ಊರಿಗೆಲ್ಲ ಉಚ್ಚೆ ಹೊಯ್ದು ಹೋದಮೇಲೆ, ಶನಿವಾರ ಅವನು ಬಸ್ಸು ಹತ್ತಿದ. ಯೆರಿತ್ಸಾಳ ಅಂಗಡಿ ಒಂದು ಓಣಿಯ ಮೂಲೆಯಲ್ಲಿತ್ತು. ಕಿಟಕಿಯಲ್ಲಿ ಜಾಮಿನ ಬಾಟಲಿ, ಅದರ ನೀರಿನಲ್ಲಿ ಕಡ್ಡಿ ನಿಂತಿತ್ತು. ಅವಳು ಯಂತ್ರದಿಂದ ತಲೆ ಎತ್ತಿ, "ಬನ್ನಿ" ಎಂದಳು. ಸಂತೋಷದಿಂದಲೇ ಎಂದಳು.

ಅವನು ನಿಂತೇ ಎಲ್ಲ ಹೇಳಿದ. ಶನಿವಾರ ನಸುಕು, ಪೊಲೊನಾಳ ಪ್ರಶ್ನೆ, ಬಾಗಿಲು, ನಗು, ಕೊಕ್ಕೆಗೆ ವಾಪಸು ಸಿಕ್ಕಿಸಿದ ಕುಂಡ. ಜೀವನದಲ್ಲಿ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದ.

"ನಿಮ್ಮವನ್ನೂ ಒಳಗೆ ತರ್ಲಿಲ್ಲ" ಎಂದಳು ಅವಳು.

"ನಂದೊಂದೇ ಉಳಿದಿದ್ರೆ ಜನ ಏನಂತಿದ್ರು?"

"ಜನ ಏನಂತಿದ್ರು." ಅವಳು ದಾರವನ್ನು ಹಲ್ಲಿನಲ್ಲಿ ಕಡಿದು ಬಟ್ಟೆ ಪಕ್ಕಕ್ಕಿಟ್ಟಳು. "ನೋಡಿ ಲೋವ್ರೆನ್ಸ್, ಅವತ್ತು ಬಸ್ಸಲ್ಲಿ ನಾನು ನಗ್ತಾನೇ ಬಂದೆ. ಕೋಟಿನ ಮಾತಿಗೆ ಬೇಜಾರಾಗ್ಲಿಲ್ಲ ನನಗೆ. ನಾಚಿಕೆ ಮನುಷ್ಯ, ನಿಧಾನಕ್ಕೆ ಸರಿಹೋಗ್ತಾರೆ ಅಂದ್ಕೊಂಡೆ. ಆದ್ರೆ ಒಬ್ಬಳು ಹೆಂಗಸು ಮನೆಗೆ ಬಂದಿದ್ಲು ಅಂತ ಬಾಯಿಬಿಡೋಕ್ಕಿಂತ ಊರಿನ ಹೂವೆಲ್ಲ ಸಾಯೋದೇ ವಾಸಿ ಅನ್ನಿಸ್ತಲ್ಲ ನಿಮಗೆ. ನಿಮ್ಮಮ್ಮನ ಹೂವೂ ಸೇರಿ. ಅಂಥ ಮನೇಲಿ ನಾನು ಏನಂತ ಇರ್ಲಿ? ಅಳತೆ ತಗೊಳ್ಳೋಕೆ ಬಂದವಳು ಅಂತಾನಾ?"

ಅವಳು ಎದ್ದು ಬಾಟಲಿಯನ್ನು ತಂದು ಅವನ ಕೈಗಿಟ್ಟಳು. ನೀರಿನಲ್ಲಿ ಬಿಳಿಯ ಬೇರು ಆಗಲೇ ಮೂಡಿತ್ತು.

"ಇದು ನಿಮ್ಮಮ್ಮಂದು. ನನ್ನ ಹತ್ರ ಇರೋದು ಸರಿಯಲ್ಲ. ಧನ್ಯವಾದ ಹೇಳ್ಬೇಡಿ."

ಹೇಳಲಿಲ್ಲ. ಬಸ್ಸಿನಲ್ಲಿ ಬಾಟಲಿಯನ್ನು ಮೊಣಕಾಲುಗಳ ನಡುವೆ ಹಿಡಿದು, ನೀರು ತುಳುಕದಂತೆ ಕೂತು, ಪೊಡ್ಲಿಪ್ನಿಕ್ ಬರುವ ತನಕ ಅತ್ತ. ಪಕ್ಕದಲ್ಲಿದ್ದವರು ಕಿಟಕಿಯ ಕಡೆ ತಿರುಗಿಕೊಂಡರು.

ಮುಂದಿನ ವಸಂತಕ್ಕೆ ಆ ಕಡ್ಡಿ ಒಂದು ಕುಂಡದ ತುಂಬ ಗಿಡವಾಗಿತ್ತು. ಒಂದೇ ಕುಂಡ. ಊರು ಕತ್ತೆತ್ತಿ ನೋಡುವುದನ್ನು ಬಿಟ್ಟಿತ್ತು. ಗ್ರಿಚಾರ್ ಬಾಲ್ಕನಿಯೂ ತಪ್ಪುತ್ತದೆ ಎಂದು ಗೊತ್ತಾದಮೇಲೆ ಎಲ್ಲರೂ ಸಂಜೆಯ ರೇಡಿಯೋ ಹಚ್ಚಿಕೊಂಡು ಕೂರುತ್ತಿದ್ದರು. ಆ ಸಲ ಸೆರ್ವಾತ್ಸಿಯ ಸಂಜೆ ಗಾಳಿ ಬಿದ್ದಿತು. ಲೋವ್ರೆನ್ಸ್ ತೊಟ್ಟಿಯ ಕಲ್ಲಿಗೆ ಕೈ ಒತ್ತಿ, ತೆಗೆದು, ಹಾಗೆಯೇ ಬೀದಿಗೆ ಇಳಿದ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ. ಚರ್ಚಿನ ತಿರುವಿನಿಂದ ಶುರುಮಾಡಿ ಒಂದೊಂದೇ ಬಾಗಿಲು ತಟ್ಟಿದ.

"ಇವತ್ತು ಮಂಜು ಕಚ್ಚತ್ತೆ. ಹೊದಿಸಿ."

"ರೇಡಿಯೋದಲ್ಲಿ ಹೇಳಿದ್ರಲ್ಲ" ಎಂದರು ಮೊದಲ ಮನೆಯವರು. "ಆಗ್ಲೇ ಹೊದಿಸಿದೀವಿ ಮಾರಾಯ" ಎಂದರು ಎರಡನೆಯ ಮನೆಯವರು. ಮೂರನೆಯ ಮನೆಯ ಹುಡುಗಿ ಅವನನ್ನು ನೋಡಿ, ಇವರೇಕೆ ಬಂದರು ಎನ್ನುವಂತೆ ತಾಯಿಯನ್ನು ಕರೆದಳು. ಅವನು ಬಿಡಲಿಲ್ಲ. ಎಲ್ಲ ಬಾಗಿಲು ಮುಗಿಸಿ ಕೊನೆಗೆ ಪೊಲೊನಾಳ ಮನೆಗೆ ಬಂದ. ಹಿಂದಿನ ವರ್ಷ ಕೈ ಎತ್ತಿ ನಿಂತಿದ್ದ ಅದೇ ಬಾಗಿಲು. ತಟ್ಟಿದ.

ಪೊಲೊನಾ ಮಡಿಸಿದ ಹಳೆಯ ಚಾದರ ಹಿಡಿದೇ ಬಾಗಿಲು ತೆಗೆದಳು.

"ಮಂಜು ಅಂತ ಹೇಳೋಕೆ ಬಂದ್ಯಾ? ಗೊತ್ತು ಕಣೋ, ಹೊದಿಸ್ತಾ ಇದೀನಿ. ಅಲ್ವೋ, ಹೋದ್ ವರ್ಷ ಹೀಗೇ ಬಂದು ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ನಕ್ಕಳು. "ತಮಾಷೆಗಂದೆ. ಪಾಪ, ನಿಂಗೂ ಗೊತ್ತಿರ್ಲಿಲ್ಲ."

"ಗೊತ್ತಿತ್ತು ತೇತ."

ಅವಳ ನಗು ಮುಖದ ಮೇಲೆ ಹಾಗೇ ನಿಂತಿತು.

"ಈ ಬಾಗಿಲ ತನಕ ಬಂದಿದ್ದೆ" ಎಂದ ಲೋವ್ರೆನ್ಸ್. "ಒಳಗೆ ನೀವೆಲ್ಲ ನಗ್ತಾ ಇದ್ರಿ."

ಪೊಲೊನಾ ಚಾದರದ ಅಂಚನ್ನು ಹಿಂಡಿದಳು, ಬಿಟ್ಟಳು. ಕೊನೆಗೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಒಳಗೆ ಬಾ."

"ಇಲ್ಲ ತೇತ. ಕುಂಡ ಒಳಗಿಡ್ಬೇಕು."

ಅವನ ಹತ್ತಿರ ಇರುವುದು ಒಂದೇ ಕುಂಡ ಎಂದು ಇಬ್ಬರಿಗೂ ಗೊತ್ತಿತ್ತು.